ಮೊದಲ ನಲವತ್ತು ಸುತ್ತುಗಳು

ಈ ಸ್ಮರಣ ಸಂಚಿಕೆಗೆ ಏನಾದರೊಂದು ಲೇಖನವನ್ನು ಕಳುಹಿಸಬೇಕೆಂದು ಅಪ್ಪಣೆಯಾದಾಗ, ಕೇವಲ ಒಂದು ಆಟದ ವಿಷಯವಾಗಿ ಬರೆಯುವುದು ಯುಕ್ತವೋ ಅಲ್ಲವೋ ಎಂದು ನಾವು ಸಂಕೋಚಪಟ್ಟೆವು. ಆದರೆ ಬೋರ್ಡಿಂಗಿನ ಜಗಲಿಯಲ್ಲಿ ಚೆನ್ನೆಮಣೆಯ ಮುಂದೆ ಕುಳಿತು, ಮೊದಲು ಯಾವ ಗುಳಿಯ ಕಾಳುಗಳನ್ನು ಎತ್ತಬೇಕೆಂದು ವಾದಿಸಿದವರು ನಮ್ಮ ವಾಚಕಿಯರಲ್ಲಿ ಅನೇಕರಿರುವುದರಿಂದ ಧೈರ್ಯ ತಂದುಕೊಂಡಿದ್ದೇವೆ.

ನಾವು ನಾಲ್ವರು ಆ ಜಗಲಿಯವರೇ. ಈಗ ನಾಲ್ಕು ಊರುಗಳಲ್ಲಿ ಹಂಚಿಹೋಗಿದ್ದೇವೆ. ಒಬ್ಬಳು ಸಮುದ್ರದಾಚೆ ಇರುವಳು. ಚೆನ್ನೆಮಣೆಗೆ ಬದಲಾಗಿ ಕಂಪ್ಯೂಟರಿನಲ್ಲಿ ‘ಸಿವಿಲೈಜೇಶನ್’ ಎಂಬ ಆಟವನ್ನು ಕೂಡಿ ಆಡುತ್ತೇವೆ. ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ ಎಂಬವರು ರಚಿಸಿದ ಈ ಆಟವು ಮೊದಲು ಪ್ರಕಟವಾದದ್ದು 1991ರಲ್ಲಿ. ನಾವು ಆಡುವುದು 2016ರಲ್ಲಿ ಹೊರಟ ಆರನೆಯದನ್ನು. ಕ್ರಿ. ಪೂ. 4000ದಲ್ಲಿ ಆಟದ ಆರಂಭ. ಆಗ ಕೈಯಲ್ಲಿ ನೆಲೆಗಾರರ ಒಂದು ತಂಡವೂ ಯೋಧರ ಒಂದು ತಂಡವೂ ಅಲ್ಲದೆ ಬೇರೇನೂ ಇರುವುದಿಲ್ಲ. ಸಾಧಾರಣ ವೇಗದಲ್ಲಿ ಒಟ್ಟು 500 ಸುತ್ತುಗಳು. ನಮ್ಮ ನಾಲ್ವರಿಗೂ ರಾಜ್ಯವೊಂದೇ. ಒಬ್ಬಳು ಹತ್ತು ಸುತ್ತುಗಳನ್ನು ಆಡಿ, ಆಟವನ್ನು ಹಾಗೆಯೇ ಉಳಿಸಿ, ಈಮೇಲಿನಲ್ಲಿ ಮುಂದಿನವಳಿಗೆ ಒಪ್ಪಿಸುವಳು.

ಈ ಆಟದಲ್ಲಿ ಅತ್ಯಂತ ಭಾರವಾದ ನಿರ್ಣಯಗಳನ್ನು ನಾವು ಅತ್ಯಂತ ಕಡಿಮೆ ಬಲ್ಲ ಕಾಲದಲ್ಲಿಯೇ ಮಾಡಬೇಕಾಗುವುದು. ಭೂಪಟವು ಇನ್ನೂ ಮಂಜಿನಲ್ಲಿ ಮುಚ್ಚಿರುವಾಗಲೇ ರಾಜಧಾನಿಯನ್ನು ಕಟ್ಟಬೇಕು. ಹೊಳೆಯ ದಡದಲ್ಲಿ ಕಟ್ಟಿದರೆ ನಗರಕ್ಕೆ ವಸತಿ 5, ಕಡಲ ಕರೆಯಲ್ಲಾದರೆ 3, ನೀರಿಲ್ಲದ ಕಡೆ 2 ಮಾತ್ರ. ಜನಸಂಖ್ಯೆಯು ವಸತಿಯ ಮಿತಿಯನ್ನು ಸಮೀಪಿಸಿದೊಡನೆ ಬೆಳವಣಿಗೆ ಕುಂಠಿತವಾಗುವುದು. ಆದುದರಿಂದ ನಮ್ಮಲ್ಲಿ ಮೊದಲನೆಯವಳು ಒಂದು ಸುತ್ತನ್ನು ವ್ಯಯಮಾಡಿ, ಹೊಳೆಯ ದಡಕ್ಕೆ ನಡೆದು ಅಲ್ಲಿ ನಗರವನ್ನು ಸ್ಥಾಪಿಸಿದಳು. ಅದು ವಿವೇಕವೇ ಸರಿ. ಆದರೆ ನಾಡನ್ನು ನೋಡಿ ಬರಲೆಂದು ಇದ್ದ ಯೋಧರನ್ನೂ ಬಹುದೂರಕ್ಕೆ ಕಳುಹಿಸಿಬಿಟ್ಟಳು.

ಎರಡನೆಯವಳು ಹೊಸ ನೆಲೆಗಾರರನ್ನು ಸಿದ್ಧಪಡಿಸಲು ತೊಡಗಿದಳು. ಅದರ ಬೆಲೆ ಉತ್ಪಾದನೆಯಲ್ಲಿ 80. ಮೇಲಾಗಿ ನಗರದ ಜನಸಂಖ್ಯೆಯೂ ಒಂದು ಕಡಿಮೆಯಾಗುವುದು. ಹೀಗಿದ್ದರೂ ಈ ವೆಚ್ಚವು ಲಾಭಕರವೇ. ಹೇಗೆಂದರೆ, ಮೂವತ್ತನೆಯ ಸುತ್ತಿನಲ್ಲಿ ಹುಟ್ಟಿದ ನಗರವು ಮುಂದಿನ 470 ಸುತ್ತುಗಳಲ್ಲಿಯೂ ದುಡಿಯುವುದು. ಅದರ ದುಡಿಮೆಯಿಂದ ಮೂರನೆಯ ನಗರವು ಹುಟ್ಟುವುದು. ಮೂರನೆಯವಳ ಕಾಲಕ್ಕೆ ನೆಲೆಗಾರರು ಸಿದ್ಧರಾದರು. ಆಕೆಗೆ ಸ್ಟೋನ್‌ಹೆಂಜ್ ಎಂಬ ಅದ್ಭುತವನ್ನು ಕಟ್ಟುವ ಆಶೆ ಹುಟ್ಟಿತು. ಅದರ ಬೆಲೆ 180. ಲೋಕದಲ್ಲಿ ಒಬ್ಬರು ಮಾತ್ರವೇ ಅದನ್ನು ಕಟ್ಟಬಹುದು. ನಮ್ಮ ನಗರದ ಉತ್ಪಾದನೆ ಸುತ್ತಿಗೆ 6 ಆಗಿದ್ದುದರಿಂದ ಮೂವತ್ತು ಸುತ್ತುಗಳ ಕೆಲಸವದು. ಅಷ್ಟರಲ್ಲಿ ಬರ್ಬರರ ಬೇಹುಗಾರನೊಬ್ಬನು ನಮ್ಮ ನಗರವನ್ನು ಕಂಡು ಹಿಂದಿರುಗಿದನು. ಅವನು ತನ್ನ ಬೀಡನ್ನು ಸೇರಿದರೆ ದಾಳಿಕಾರರು ಹೊರಡುವರು. ಇದು ಆಟದ ನಿಯಮ. ಆಕೆ ಅದನ್ನು ಕಂಡರೂ ಯಾರಿಗೂ ತಿಳಿಸಲಿಲ್ಲ.

ನಾಲ್ಕನೆಯವಳಿಗೆ ಇದೊಂದೂ ಗೊತ್ತಿರಲಿಲ್ಲ. ಕಾವಲಿಲ್ಲದೆ ನೆಲೆಗಾರರನ್ನು ಕಳುಹಿಸಿದಳು. ಮೂರನೆಯ ಸುತ್ತಿನಲ್ಲಿ ಬರ್ಬರರು ಅವರನ್ನು ಸೆರೆಹಿಡಿದು ತಮ್ಮ ಬೀಡಿಗೆ ಒಯ್ದರು.

ಆಗ ನಾವು ಮೂವರೂ ಆಕೆಗೆ ಬರೆದ ಮಾತುಗಳನ್ನು ಇಲ್ಲಿ ಹೇಳಲು ನಾಚಿಕೆಯಾಗುವುದು. ‘ನಲವತ್ತು ಸುತ್ತುಗಳನ್ನು ನೀನೊಬ್ಬಳೇ ನೀರುಪಾಲು ಮಾಡಿದೆ’ ಎಂದೆವು. ಆಕೆಯಿಂದ ಉತ್ತರ ಬರಲಿಲ್ಲ. ಒಂದು ವಾರ ಕಳೆಯಿತು, ಒಂದು ತಿಂಗಳು ಕಳೆಯಿತು. ಸಮುದ್ರದಾಚೆ ಇದ್ದವಳು ಆಕೆಯೇ. ಆ ವರುಷವೇ ತಾಯಿಯನ್ನು ಕಳೆದುಕೊಂಡಿದ್ದಳು. ಆಕೆಗೆ ನಮ್ಮೊಡನೆ ಮಾತಾಡಲು ಆಟದ ಸರದಿಯೇ ಒಂದು ನೆವವಾಗಿತ್ತೆಂಬುದು ನಮಗೆ ತಡವಾಗಿ ಹೊಳೆಯಿತು.

ಒಂದು ಭಾನುವಾರ ಹಳೆಯ ಕಡತಗಳನ್ನು ಮೊದಲಿನಿಂದ ತೆರೆದು ನೋಡಿದೆವು. ಯೋಧರು ದೂರ ಹೋದದ್ದು ಮೊದಲನೆಯ ಹತ್ತರಲ್ಲಿ. ಎರಡನೆಯ ಹತ್ತರಲ್ಲಿ ಒಬ್ಬ ಕವಣೆಗಾರನೂ ಹುಟ್ಟಲಿಲ್ಲ. ಬೇಹುಗಾರನು ಬಂದು ಹೋದದ್ದು ಮೂರನೆಯ ಹತ್ತರಲ್ಲಿ. ನಾಲ್ಕನೆಯವಳು ಮಾಡಿದ್ದು, ನಾವು ಬರಿದುಮಾಡಿಟ್ಟ ಮನೆಯ ಬಾಗಿಲನ್ನು ತೆರೆದದ್ದಷ್ಟೇ. ಪ್ರತಿಯೊಬ್ಬಳಿಗೂ ತನ್ನ ತನ್ನ ಕಾರಣವಿತ್ತು. ಯಾರೂ ಅದನ್ನು ಮುಂದಿನವಳಿಗೆ ಹೇಳಲಿಲ್ಲ. ನಾವು ರಾಜ್ಯವನ್ನು ಒಪ್ಪಿಸಿದ್ದೆವು, ಯೋಚನೆಯನ್ನು ಒಪ್ಪಿಸಿರಲಿಲ್ಲ.

ಇದನ್ನೆಲ್ಲ ಬರೆದು, ಮೂವರ ಹೆಸರನ್ನೂ ಹಾಕಿ ಕಳುಹಿಸಿದೆವು. ಮೂರನೆಯ ದಿನ ಆಕೆಯಿಂದ ಬಂದದ್ದು ಒಂದೇ ವಾಕ್ಯ: ‘ಸ್ಟೋನ್‌ಹೆಂಜನ್ನು ನಿಲ್ಲಿಸಿ ಕವಣೆಗಾರರನ್ನು ಮಾಡಿರಿ.’ ಹಾಗೆಯೇ ಮಾಡಿದೆವು. ಇಬ್ಬರು ಕವಣೆಗಾರರೂ ಹಿಂದಿರುಗಿ ಬಂದ ಯೋಧರೂ ಸೇರಿ ಬರ್ಬರರ ಬೀಡನ್ನು ಮುರಿದು ನೆಲೆಗಾರರನ್ನು ಬಿಡಿಸಿ ತಂದರು. ಎರಡನೆಯ ನಗರವು ಬಹಳ ತಡವಾಗಿ ಹುಟ್ಟಿತು. ಸ್ಟೋನ್‌ಹೆಂಜ್ ಬೇರೊಬ್ಬರ ಪಾಲಾಯಿತು. ಆ ಆಟದಲ್ಲಿ ನಾವು ಗೆಲ್ಲಲೂ ಇಲ್ಲ. ಹೊಸ ನಗರಕ್ಕೆ ಆಕೆ ‘ಜಗಲಿ’ ಎಂದು ಹೆಸರಿಟ್ಟಳು.

ಅಂದಿನಿಂದ ಪ್ರತಿ ಸರದಿಯ ಕಡತದೊಡನೆ ನಾಲ್ಕು ಸಾಲಿನ ಕಾಗದವೊಂದು ಹೋಗುವುದು: ಏನು ಮಾಡಿದೆ, ಏಕೆ ಮಾಡಿದೆ, ಏನನ್ನು ಕಂಡು ಅಂಜಿದೆ ಎಂದು. ಕೊನೆಯಲ್ಲಿ ಆಟಕ್ಕೆ ಸಂಬಂಧಿಸದ ಒಂದು ಸಾಲೂ ಇರತಕ್ಕದ್ದೆಂಬುದು ನಮ್ಮ ಹೊಸ ನಿಯಮ. ಮಕ್ಕಳಿಗೆ ಮನೆಯ ಹೊರೆಯನ್ನು ವಹಿಸಿಕೊಡುವ ತಾಯ್ತಂದೆಗಳೂ, ಕೂಡಿ ಒಂದು ಕಾರ್ಯಕ್ಕೆ ಕೈಯಿಕ್ಕುವ ನಮ್ಮ ಸಹೋದರಿಯರೂ ಈ ಚಿಕ್ಕ ನಿಯಮವನ್ನು ಪರೀಕ್ಷಿಸಿ ನೋಡಬೇಕೆಂದು ವಿನಯದಿಂದ ಬೇಡುತ್ತೇವೆ.