ಬಿಲ್ಲಿಗೆ ದಾರ ಬೇಕಿತ್ತು...

ಇಲ್ಲಿ ಏನಾದ್ರೂ ಬರೆದು ಮೂರು ತಿಂಗಳ ಮೇಲಾಯ್ತು. ಆಫೀಸಲ್ಲಿ ರಿಲೀಸು, ಪುರುಸೊತ್ತಿಲ್ಲ ಅಂತ ನೆಪ ಹೇಳಬಹುದು. ಆದ್ರೆ ನಿಜ ಹೇಳ್ತೀನಿ, ಸಿಕ್ಕಿದ ಶನಿವಾರ ಭಾನುವಾರಗಳೆಲ್ಲ ಒಂದು ದಾರಕ್ಕೆ ಹೋದವು. ಹೌದು, ದಾರ. ನಗಬೇಡಿ, ಪೂರ್ತಿ ಓದಿ :)

ಇಂದಿರಾನಗರದಲ್ಲಿರೋ ನನ್ನ ಸೋದರಮಾವ ಮನೆ ಮಾರ್ತಿದಾರೆ. ಕೊಂಡವರು ಒಡೆದು ಅಪಾರ್ಟ್‌ಮೆಂಟ್ ಕಟ್ತಾರಂತೆ. ಸಾಮಾನು ಖಾಲಿ ಮಾಡೋಕೆ ಸಹಾಯಕ್ಕೆ ಬಾ ಅಂತ ಅತ್ತೆ ಕರೆದಿದ್ರು. ಸಜ್ಜದ ಮೇಲಿಂದ ಹಳೇ ಸೂಟ್‌ಕೇಸು, ಹಿತ್ತಾಳೆ ಪಾತ್ರೆ, ನನ್ನ ಅಮ್ಮನ ಮದುವೆಯ ಜಮಖಾನ ಇಳಿಸ್ತಾ ಇದ್ದಾಗ ಹಳೇ ಬೆಡ್‌ಶೀಟಲ್ಲಿ ಸುತ್ತಿದ್ದ ಉದ್ದನೆಯ ವಸ್ತು ಒಂದು ಕೈಗೆ ಸಿಕ್ತು. ಬಿಚ್ಚಿದ್ರೆ ಬಿಲ್ಲು! ರಾಮನವಮಿ ಮೆರವಣಿಗೆಯ ಥರ್ಮಾಕೋಲ್ ಬಿಲ್ಲಲ್ಲ. ಕಂದು ಬಣ್ಣದ ಮರ, ಮೇಲೆ ಕೆಳಗೆ ಫೈಬರ್‌ಗ್ಲಾಸ್ ಪದರ, ಅಮೆರಿಕದ ಬೇರ್ ಕಂಪನಿಯ ಬೇಟೆ ಬಿಲ್ಲು. ಅದರ ಜೊತೆ ಎರಡು ಬಾಣ.

ಮಾವ 1984ರಲ್ಲಿ ಡೆಟ್ರಾಯಿಟ್‌ಗೆ ಹೋದವರು, ಕಾರು ಕಂಪನಿಯ ಕೆಲಸ. 1996ರಲ್ಲಿ ವಾಪಸ್ ಬಂದ್ರು. ಅಲ್ಲಿ ಯಾರದೋ ಮನೆ ಮುಂದಿನ ಗರಾಜ್ ಸೇಲಲ್ಲಿ ಇದನ್ನ ಕೊಂಡು, ಆಫೀಸಿನವರ ಜೊತೆ ಮಿಷಿಗನ್ ಕಾಡಿಗೆ ಜಿಂಕೆ ಬೇಟೆಗೆ ಹೋಗ್ತಿದ್ರಂತೆ. ಅಲ್ಲಿ ಅಕ್ಟೋಬರ್ ಒಂದಕ್ಕೆ ಬಿಲ್ಲಿನ ಬೇಟೆ ಶುರು, ಲೈಸೆನ್ಸ್ ತಗೊಂಡು ಹೋಗೋದು. "ಮೂರು ವರ್ಷ ಹೋದ್ರೂ ಒಂದು ಇಲೀನೂ ಹೊಡೀಲಿಲ್ಲ ನಿಮ್ಮಾವ" ಅಂತ ಅತ್ತೆ ಇವತ್ತಿಗೂ ಆಡಿಕೊಂಡು ನಗ್ತಾರೆ. ಮಾವನೂ ನಗೋರು.

ಈಗ ಮಾವನಿಗೆ ಪಾರ್ಕಿನ್ಸನ್ಸ್. ಎರಡೂ ಕೈ ನಡುಗ್ತವೆ. ಬಿಲ್ಲನ್ನ ತೊಡೆ ಮೇಲಿಟ್ಕೊಂಡು ಬಹಳ ಹೊತ್ತು ಸವರಿದ್ರು. ಹೆದೆ ಮಾತ್ರ ಹಳೇ ಜನಿವಾರದ ಥರ ಪಿಸಿದು ಹೋಗಿತ್ತು, ಒಂದು ಕಡೆ ನಾಲ್ಕೈದು ಎಳೆ ತುಂಡಾಗಿತ್ತು.

"ತಗೊಂಡ್ ಹೋಗೋ, ನಿನಗೇ ಇರ್ಲಿ. ಆದ್ರೆ ಒಂದು ಹೊಸ ಹೆದೆ ಹಾಕಿಸ್ಕೊಂಡ್ ಬಾ. ಹೆದೆ ಏರ್ಸಿದ್ದನ್ನ ಒಂದ್ಸಲ ನೋಡ್ಬೇಕು."

ಅಷ್ಟೇ ತಾನೆ ಅಂದ್ಕೊಂಡು ಬೆಡ್‌ಶೀಟ್ ಸುತ್ತಿ ಬೈಕಿಗೆ ಕಟ್ಟಿಕೊಂಡು ಕೆ.ಆರ್. ಪುರಕ್ಕೆ ಬಂದೆ. ಮೆಟ್ರೋದಲ್ಲಿ ಹತ್ತು ನಿಮಿಷದ ದಾರಿ, ಆದ್ರೆ ಬಿಲ್ಲು ಬಾಣ ಹಿಡಿದು ಸ್ಟೇಷನ್ ಮೆಟ್ಟಿಲು ಹತ್ತೋ ಧೈರ್ಯ ಬರಲಿಲ್ಲ. ಅಮ್ಮ ಬಾಗಿಲಲ್ಲೇ "ಏನೋ ಇದು ಬೇಡರ ಕಣ್ಣಪ್ಪನ ಅವತಾರ!" ಅಂದ್ಲು. (ಬೇಟೆ ಗೀಟೆ ಇಲ್ಲ ಮಾರಾಯ್ರೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ನನಗೆ ಕೋಳಿ ಕುಯ್ಯೋದನ್ನ ನೋಡೋಕೂ ಆಗಲ್ಲ.)

ಮೊದಲನೇ ಪೆಟ್ಟು ಲೆಕ್ಕದಲ್ಲೇ ಬಿತ್ತು. ಬಿಲ್ಲಿನ ಮೇಲೆ 60 ಇಂಚು, 45 ಪೌಂಡು ಅಂತ ಬರೆದಿದೆ. 60 ಅಂದ್ರೆ ಬಿಲ್ಲಿನ ಉದ್ದ. ಇಂಥ ತುದಿ ಬಾಗಿದ ಬಿಲ್ಲಿಗೆ ಹೆದೆ ಅದಕ್ಕಿಂತ ನಾಲ್ಕು ಇಂಚು ಗಿಡ್ಡ ಇರ್ಬೇಕು ಅಂತ ಓದಿದ್ದೆ. ಬುದ್ಧಿವಂತ ನೋಡಿ ನಾನು, ಕಳೆದು 56 ಅಂತ ಆರ್ಡರ್ ಮಾಡಿದೆ. ಮಾರೋರು ಹೆದೆಗೆ ಹೇಳೋದು ಬಿಲ್ಲಿನ ಉದ್ದವನ್ನೇ, ಕಳೆಯೋ ಕೆಲಸ ಅವರೇ ಮಾಡ್ತಾರೆ. ನಾನೂ ನಾಲ್ಕು ಕಳೆದೆ, ಅವರೂ ನಾಲ್ಕು ಕಳೆದ್ರು. ಬಂದದ್ದು 52 ಇಂಚಿನ ಹೆದೆ! ಒಂದೇ ಟ್ಯಾಕ್ಸನ್ನ ಎರಡು ಸಲ ಹಾಕೋ ಬಗ್ ಆಫೀಸಲ್ಲಿ ಬಂದಿದ್ರೆ ಜೂನಿಯರ್ ಹುಡುಗನಿಗೆ ಬೈತಿದ್ದೆ.

ಎರಡನೇ ಸಲ 60 ಅಂತಲೇ ಹೇಳಿದೆ. ಆದ್ರೆ "ಅತ್ಯುತ್ತಮ" ಇರ್ಲಿ ಅಂತ ಫಾಸ್ಟ್ ಫ್ಲೈಟ್ ಅನ್ನೋ ದಾರದ್ದು ತರಿಸಿದೆ. ನಮ್ಮ ತರಕಾರಿ ಕವರಿನ ಪಾಲಿಥೀನ್ ಜಾತಿಯದೇ ಇದು, ಆದ್ರೆ ಅಣುಗಳನ್ನೆಲ್ಲ ಒಂದೇ ದಿಕ್ಕಿಗೆ ಎಳೆದು ಮಾಡಿದ ನೂಲು. ಸಾಧಾರಣ ಡೇಕ್ರಾನ್ ನೂಲಿಗಿಂತ ಸುಮಾರು ಎರಡರಷ್ಟು ಗಟ್ಟಿ, ಹಿಗ್ಗೋದೇ ಇಲ್ಲ ಅನ್ನಬಹುದು, ಬಾಣ ಜೋರಾಗಿ ಹೋಗುತ್ತೆ. ಹೆಚ್ಚು ಗಟ್ಟಿ, ಹೆಚ್ಚು ವೇಗ. ಬೇಡ ಅನ್ನೋರು ಯಾರು?

ಆ ವಾರವೆಲ್ಲ ತಲೆಯಲ್ಲಿ ಹೆದೆಯದೇ ಧ್ಯಾನ. ನಿಮಗೆ ನೆನಪಿದೆಯಾ, ಕನ್ನಡ ಮಾಧ್ಯಮದ ಗಣಿತದಲ್ಲಿ ವೃತ್ತದ 'ಜ್ಯಾ' ಅಂತ ಬರ್ತಿತ್ತು? ಜ್ಯಾ ಅಂದ್ರೆ ಹೆದೆ. ನಾವು ಇಂಜಿನಿಯರಿಂಗಲ್ಲಿ ಉರು ಹೊಡೆದ 'ಸೈನ್' ಕೂಡ ಇದೇ ಜ್ಯಾ, ಅರಬ್ಬಿಗೆ ಹೋಗಿ, ಅಲ್ಲಿಂದ ಲ್ಯಾಟಿನ್‌ಗೆ ಹೋಗಿ ವೇಷ ಬದಲಿಸಿಕೊಂಡು ವಾಪಸ್ ಬಂದದ್ದು. ಹೆದೆಗೆ ಇನ್ನೊಂದು ಹೆಸರು ಮೌರ್ವಿ. ಮೂರ್ವಾ ಅನ್ನೋ ಗಿಡದ ನಾರಿನಿಂದ ಮಾಡ್ತಿದ್ದುದಕ್ಕೆ ಆ ಹೆಸರು. ಮೂರ್ವಾ ಯಾವ ಗಿಡ ಅನ್ನೋದರಲ್ಲಿ ಪಂಡಿತರಿಗೆ ಜಗಳ ಇದೆ, ಆದ್ರೆ ಹೆಸರು ಹೇಳೋ ಗಿಡಗಳಲ್ಲಿ ಒಂದು ನಮ್ಮ ಆಫೀಸಿನ ರಿಸೆಪ್ಷನ್ ಕುಂಡದಲ್ಲಿ ನಿಂತಿರುತ್ತಲ್ಲ, ಸ್ನೇಕ್ ಪ್ಲಾಂಟ್, ಅದರ ದಾಯಾದಿ. ದಿನಾ ಐಡಿ ಕಾರ್ಡು ಸ್ವೈಪ್ ಮಾಡುವಾಗ ಅದರ ಎಲೆ ಕಿತ್ತು ನಾರು ತೆಗೀಲಾ ಅನ್ನಿಸ್ತಿತ್ತು.

ಹಯಗ್ರೀವನ ಕಥೆಯಂತೂ ಈಗ ಬೇರೆ ಥರಾನೇ ಕಾಣುತ್ತೆ. ವಿಷ್ಣು ಹೆದೆ ಏರಿಸಿದ ಬಿಲ್ಲಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಾಗ ಗೆದ್ದಲು ಹೆದೆಯನ್ನ ಕಡಿದು, ಅದು ಚಿಮ್ಮಿದ ರಭಸಕ್ಕೆ ವಿಷ್ಣುವಿನ ತಲೆಯೇ ಹಾರಿಹೋಯ್ತಂತೆ. ಆಮೇಲೆ ಕುದುರೆ ತಲೆ ಇಟ್ರು. ಚಿಕ್ಕವನಿದ್ದಾಗ ಹಯಗ್ರೀವ ಅಂದ್ರೆ ಕಡಲೆಬೇಳೆಯ ಸಿಹಿ ಅಂತ ಮಾತ್ರ ಗೊತ್ತಿತ್ತು. ಸವೆದ ಹೆದೆ ಏರಿಸಿಡಬಾರದು ಅನ್ನೋ ಎಚ್ಚರಿಕೆ ಅದರಲ್ಲಿದೆ ಅಂತ ಯಾರೂ ಹೇಳಿರ್ಲಿಲ್ಲ :)

ಸರಿ, ಹೊಸ ಹೆದೆ ಏರಿಸೋದು ಹೇಗೆ ಅಂತ ಕೇಳೋಕೆ ವೈಟ್‌ಫೀಲ್ಡ್ ಕಡೆ ಬಿಲ್ಲುಗಾರಿಕೆ ಕಲಿಸೋರೊಬ್ಬರ ಹತ್ತಿರ ಹೋದೆ. ಅವರು ಹೆದೆ ಮುಟ್ಟಲೇ ಇಲ್ಲ. ಬಿಲ್ಲಿನ ಎರಡೂ ತುದಿ ನೋಡಿದ್ರು, ಹೆದೆ ಕೂರೋ ಕಚ್ಚಿನ ಮೇಲೆ ಉಗುರು ಆಡಿಸಿದ್ರು, ಆಮೇಲೆ ಹಿಡಿಯ ಹತ್ತಿರದ ಸಣ್ಣ ಅಕ್ಷರ ಓದಿದ್ರು. "ಗ್ರೇಲಿಂಗ್, ಮಿಷಿಗನ್ ಅಂತಿದೆ ನೋಡ್ರಿ. ಈ ಕಂಪನಿ 1978ರಾಗ ಫ್ಲೋರಿಡಾಕ್ಕೆ ಹೋಯ್ತು. ಅಂದ್ರ ಬಿಲ್ಲು ಅದಕ್ಕಿಂತ ಮೊದಲಿಂದು. ನೀವು ತಂದಿರೋ ದಾರ ಬಂದದ್ದು ಎಂಬತ್ತರ ದಶಕದಾಗ."

ನನಗೆ ತಕ್ಷಣ ಅರ್ಥ ಆಗಲಿಲ್ಲ. ಅವರು ವಿವರಿಸಿದ್ರು. ಬಾಣ ಬಿಟ್ಟಾಗ ಬಿಲ್ಲಿನ ತೋಳುಗಳು ಮುಂದಕ್ಕೆ ನುಗ್ಗಿ ಹೆದೆಗೆ ತಡೆದು ಗಕ್ಕನೆ ನಿಲ್ತವೆ. ಡೇಕ್ರಾನ್ ಹೆದೆ ಆಗ ಚೂರು ಹಿಗ್ಗಿ ಆ ಹೊಡೆತ ನುಂಗುತ್ತೆ. ಹಿಗ್ಗದ ಹೆದೆ ನುಂಗಲ್ಲ, ಹೊಡೆತ ಪೂರ್ತಿ ತುದಿಗೆ ಹೋಗುತ್ತೆ. ಅದಕ್ಕೇ ಆಮೇಲಿನ ಬಿಲ್ಲುಗಳಿಗೆ ತುದಿಯಲ್ಲಿ ಗಟ್ಟಿ ಪದರ ಕೂರಿಸಿ ಕೊಡ್ತಾರೆ. ಮಾವನ ಬಿಲ್ಲಿಗೆ ಅದಿಲ್ಲ. ಐದು ದಿನವೋ ಐವತ್ತು ದಿನವೋ, ಒಂದು ದಿನ ಹೆದೆ ತುದಿಯನ್ನ ಸೀಳಿಬಿಡುತ್ತೆ. ಹೆದೆ ಹೋದ್ರೆ ಇನ್ನೊಂದು, ಬಿಲ್ಲು ಹೋದ್ರೆ ಹೋಯ್ತು.

ಮೈ ಜುಮ್ಮೆಂದಿತು. ಅವತ್ತು ರಾತ್ರಿ ನಾನೇ ಹೆದೆ ಏರಿಸಿ ನೋಡ್ಬೇಕು ಅಂದ್ಕೊಂಡಿದ್ದೆ.

ಹಾಗಾದ್ರೆ ಪಾಲಿಯೆಸ್ಟರ್ ನೂಲು ತಂದು ನಾನೇ ಮಾಡ್ತೀನಿ ಅನ್ನೋ ಹುಚ್ಚು ಹತ್ತಿತು. ಡೇಕ್ರಾನ್ ಅಂದ್ರೆ ನಮ್ಮಪ್ಪನ ಟೆರಿಕಾಟ್ ಶರ್ಟಲ್ಲಿರೋ ಪಾಲಿಯೆಸ್ಟರೇ ಅಲ್ವಾ? ಶಿವಾಜಿನಗರದಲ್ಲಿ ಸಿಗದ ದಾರ ಯಾವುದು? ರಸೆಲ್ ಮಾರ್ಕೆಟ್ ಹತ್ತಿರ ಬೈಕ್ ನಿಲ್ಲಿಸಿ, ಕಮರ್ಷಿಯಲ್ ಸ್ಟ್ರೀಟ್ ಕಡೆಯ ಗಲ್ಲಿಯೊಂದರಲ್ಲಿ ಸೋಫಾ, ಬ್ಯಾಗು ಹೊಲಿಯೋ ದಾರದ ಅಂಗಡಿಗೆ ಹೊಕ್ಕೆ.

"ಬಿಲ್ಲಿಗೆ ದಾರ ಬೇಕಿತ್ತು ಭಾಯ್."

"ಬಿಲ್ಲು ಬೇಕಂದ್ರೆ ಜಿಎಸ್‌ಟಿ ಸೇರುತ್ತೆ ಸಾರ್. ಹಾಗೇ ತಗೊಂಡ್ರೆ ಕಮ್ಮಿ ಆಗುತ್ತೆ."

ಕೈಯಲ್ಲಿ ಬಿಲ್ಲು ಎಳೆದು ತೋರಿಸಿದ ಮೇಲೆ ಅಂಗಡಿಯಲ್ಲಿದ್ದ ಮೂವರೂ ಹತ್ತಿರ ಬಂದ್ರು. ನೈಲಾನ್, ಪಾಲಿಯೆಸ್ಟರ್, ಮೇಣದ ದಾರ, ಒಂದೊಂದಾಗಿ ಎಳೆದೂ ಎಳೆದೂ ತೋರಿಸಿದ್ರು. ನೈಲಾನ್ ಒಂದು ರೀಲು, ಪಾಲಿಯೆಸ್ಟರ್ ಒಂದು ರೀಲು ತಂದೆ. ದುಡ್ಡು ಇನ್ನೂರರ ಒಳಗೇ.

ಮನೇಲಿ ಪರೀಕ್ಷೆ. ಕುಡಿಯೋ ನೀರಿನ 20 ಲೀಟರ್ ಕ್ಯಾನು ತುಂಬಿದ್ರೆ ಕ್ಯಾನೂ ಸೇರಿ ಹೆಚ್ಚುಕಡಿಮೆ 45 ಪೌಂಡು, ಬಿಲ್ಲಿನ ಎಳೆತ ಎಷ್ಟೋ ಅಷ್ಟೇ! ಬಾಲ್ಕನಿ ಗ್ರಿಲ್ಲಿಗೆ ನಾಲ್ಕು ಎಳೆ ನೈಲಾನ್ ಕಟ್ಟಿ, ನೆಲದಿಂದ ಎರಡು ಬೆರಳು ಮೇಲೆ ಕ್ಯಾನು ತೂಗುಹಾಕಿ ಮಲಗಿದೆ. ಬೆಳಿಗ್ಗೆ ಕ್ಯಾನು ನೆಲದ ಮೇಲೆ ಆರಾಮಾಗಿ ಕೂತಿತ್ತು. ದಾರ ತುಂಡಾಗಿರ್ಲಿಲ್ಲ, ಹಿಗ್ಗಿತ್ತು. ಈ ಹೆದೆ ಹಾಕಿದ್ರೆ ಬಿಲ್ಲು ಬಟ್ಟೆ ಒಣಗಿಸೋ ಹಗ್ಗ ಕಟ್ಟಿದ ಹಾಗೆ. ಮಾರನೇ ರಾತ್ರಿ ಪಾಲಿಯೆಸ್ಟರ್. ಕ್ಯಾನು ಅಲ್ಲೇ ನಿಂತಿತ್ತು, ಆದ್ರೆ ಒಂದು ಎಳೆ ಗಂಟಿನ ಹತ್ತಿರ ಕಿತ್ತು ಬಂದಿತ್ತು. ಕ್ಯಾನು ಸುಮ್ಮನೆ ತೂಗೋದು ಬೇರೆ, ಬಾಣ ಬಿಟ್ಟಾಗಿನ ಝಟಕ ಬೇರೆ. ಸೋಫಾ ದಾರವನ್ನ ನಂಬಿ ಮುಖದ ಹತ್ತಿರ ಎಳೆಯೋಕೆ ಮನಸ್ಸಾಗಲಿಲ್ಲ. ಅಮ್ಮನಿಗೆ ಮಾತ್ರ ಎರಡು ದಿನ ಕುಡಿಯೋ ನೀರಿಲ್ಲ ಅನ್ನೋ ಸಿಟ್ಟು.

ಕೊನೆಗೆ ವೈಟ್‌ಫೀಲ್ಡ್‌ನ ಆ ಗುರುಗಳೇ ಹೆದೆಗೆಂದೇ ಮಾಡಿದ ಡೇಕ್ರಾನ್ ಕೊಟ್ರು. ಒಂದು ಎಳೆ ಸುಮಾರು 50 ಪೌಂಡು ತಡೆಯುತ್ತೆ. 45 ಪೌಂಡಿನ ಬಿಲ್ಲಿಗೆ ಹದಿನಾಲ್ಕು ಎಳೆ. 45ಕ್ಕೆ 700 ಯಾಕೆ ಅಂದ್ರೆ ಆ ಝಟಕಕ್ಕೇ, ಮತ್ತೆ ದಿನಾ ಸವೆಯೋದಕ್ಕೆ. ಹಲಗೆಗೆ ಎರಡು ಬೋಲ್ಟು ಬಡಿದು ಏಳು ಸುತ್ತು ಸುತ್ತಿದೆ, ಎರಡು ತುದಿಗೆ ಕುಣಿಕೆ ಕಟ್ಟಿದೆ, ನಮ್ಮ ರಸ್ತೆಯ ಚಪ್ಪಲಿ ಹೊಲಿಯೋರ ಹತ್ತಿರ ಜೇನುಮೇಣ ಇಸ್ಕೊಂಡು ಉಜ್ಜಿದೆ. ಮೊದಲನೇದು ಓರೆಯಾಯ್ತು, ಎರಡನೇದರಲ್ಲಿ ಒಂದು ಎಳೆ ಸಡಿಲ. ಮೂರನೇದು ಪರವಾಗಿಲ್ಲ. ಬಾಣ ಕೂರೋ ಜಾಗಕ್ಕೆ ಮೇಲೊಂದು ಸುತ್ತು ದಾರ ಬಿಗೀಬೇಕು, ಅದಕ್ಕೆ ಶಿವಾಜಿನಗರದ ನೈಲಾನೇ ಆಯ್ತು. ಪಾಪ ಆ ಇನ್ನೂರು ರೂಪಾಯಿ ದಂಡ ಆಗಲಿಲ್ಲ.

ಭಾನುವಾರ ಸಂಜೆ ಇಂದಿರಾನಗರಕ್ಕೆ ಹೋದೆ. ಮನೆ ಅರ್ಧ ಖಾಲಿ, ಮಾತಾಡಿದ್ರೆ ಪ್ರತಿಧ್ವನಿ. ಬಿಲ್ಲನ್ನ ಕಾಲಿನ ಮಧ್ಯೆ ಸಿಕ್ಕಿಸಿ ಬಗ್ಗಿಸಿದ್ರೆ ತೋಳು ತಿರುಚಿಕೊಳ್ಳುತ್ತೆ ಅಂತ ಗುರುಗಳು ಹೇಳಿದ್ರಲ್ಲ, ಎರಡು ತುದಿಗೂ ಹಗ್ಗ ಹಾಕಿ, ಹಗ್ಗವನ್ನ ಕಾಲಲ್ಲಿ ಮೆಟ್ಟಿ, ಹಿಡಿಯನ್ನ ಮೇಲಕ್ಕೆ ಎಳೆದು ಹೆದೆ ಏರಿಸಿದೆ. ಕಟ್ ಅಂತ ಒಂದು ಸದ್ದು ಬಂದಾಗ ಎದೆ ಧಸಕ್ ಅಂತು. ಕುಣಿಕೆ ಕಚ್ಚಿಗೆ ಕೂತ ಸದ್ದು ಅಷ್ಟೇ.

ಮಾವ ಖುಷಿಯಾಗ್ತಾರೆ ಅಂದ್ಕೊಂಡಿದ್ದೆ. ಅವರು "ಬಾಣ ಕೊಡು" ಅಂದ್ರು. ಬಿಲ್ಲನ್ನ ಅಡ್ಡ ಹಿಡಿದು, ಹೆದೆಗೆ ಬಾಣದ ಕಚ್ಚು ಸಿಕ್ಕಿಸಿ ಬಾಣವನ್ನ ಕೆಳಕ್ಕೆ ತೂಗಬಿಟ್ರು. ಬಾಣ ನೆಲಕ್ಕೆ ಬಿತ್ತು.

"ಸಡಿಲ ಇದೆ. ಬಿಚ್ಚಿ ಮತ್ತೆ ಸುತ್ತು."

"ಮಾವ, ನಿಮ್ಮ ಕೈ..."

"ಸಡಿಲ ಇದೆ ಅಂದೆ!"

ಮಾವ ನನ್ನ ಮೇಲೆ ದನಿ ಏರಿಸಿದ್ದು ಅದೇ ಮೊದಲು. ಅವರ ಕೈಯಿಂದ ಬಿಲ್ಲು ತಗೊಂಡು ನಾನು ಹಿಡಿದೆ. ಬಾಣ ಸಿಕ್ಕಿಸಿದೆ. ನಿಂತಿತು. "ಈಗ ನೀವೇ ತಟ್ಟಿ" ಅಂದೆ. ಬೆರಳಿಂದ ಹೆದೆಯನ್ನ ಮೆಲ್ಲಗೆ ತಟ್ಟಿದ್ರು, ಬಿತ್ತು. ಮತ್ತೆ ಸಿಕ್ಕಿಸಿದೆ, ನಿಂತಿತು. ತಟ್ಟಿದ್ರು, ಬಿತ್ತು. ಹಾಗೇ ಇರ್ಬೇಕಂತೆ, ತಾನಾಗಿ ಜಾರಬಾರದು, ತಟ್ಟಿದ್ರೆ ಬಿಡ್ಬೇಕು. ಐದಾರು ಸಲ ಮಾಡಿಸಿದ್ರು.

ಅತ್ತೆ ಕಾಫಿಗೆ ಒಳಗೆ ಹೋದಾಗ ದನಿ ತಗ್ಗಿಸಿ ಹೇಳಿದ್ರು. ಮೂರನೇ ವರ್ಷ ಹೆದೆಯ ನಡುವಿನ ಸುತ್ತು ಸವೆದಿತ್ತಂತೆ. ಸೀಸನ್ ಮುಗಿದ ಮೇಲೆ ಬದಲಾಯಿಸಿದ್ರಾಯ್ತು ಅಂತ ಬಿಟ್ಟಿದ್ರಂತೆ. ಜಿಂಕೆ ಇಪ್ಪತ್ತು ಗಜದಲ್ಲಿ ನಿಂತಿತ್ತು. ಎಳೆದು ಬಿಡೋ ಹೊತ್ತಿಗೆ ಬಾಣ ಹೆದೆಯಿಂದ ಅರ್ಧ ಜಾರಿತ್ತು. ಎದೆಗೆ ಹೋಗಬೇಕಾದ್ದು ಹಿಂಗಾಲಿನ ತೊಡೆಗೆ ಹೋಯ್ತು.

"ರಾತ್ರಿ ಒಂದು ಗಂಟೆವರೆಗೂ ಟಾರ್ಚ್ ಹಿಡ್ಕೊಂಡು ಹುಡುಕಿದೆ ಕಣೋ. ಎಲೆ ಮೇಲೆ ರಕ್ತ ಇತ್ತು, ಹಳ್ಳದ ಹತ್ತಿರ ಅದೂ ನಿಂತೋಯ್ತು. ಬೆಳಿಗ್ಗೆ ಮತ್ತೆ ಹೋದೆ. ಸಿಗ್ಲಿಲ್ಲ. ನಿಮ್ಮತ್ತೆಗೆ ಏನೂ ಸಿಗ್ಲಿಲ್ಲ ಅಂದೆ. ಅದು ಸುಳ್ಳೇನಲ್ವಲ್ಲ."

ಅತ್ತೆ ಕಾಫಿ ತಂದ್ರು. ಬಿಲ್ಲು ನೋಡಿ "ಅಬ್ಬ, ಇನ್ಮೇಲಾದ್ರೂ ಒಂದು ಇಲಿ ಹೊಡೀರಿ" ಅಂದ್ರು. ಮಾವ ಎಂದಿನ ಹಾಗೇ ನಕ್ಕರು. ನನಗೆ ಮುಖ ಎಲ್ಲಿಡ್ಬೇಕೋ ಗೊತ್ತಾಗ್ಲಿಲ್ಲ, ಲೋಟ ನೋಡ್ತಾ ಕೂತೆ.

ಕಾಫಿ ಮುಗಿಸಿ ಮಾವ ಹೆದೆಯನ್ನ ಒಂದು ಬೆರಳಲ್ಲಿ ಮೀಟಿದ್ರು. ಭುಂಯ್ ಅಂತು. ತಲೆ ಅಲ್ಲಾಡಿಸಿ, ಹಿಡಿಯಿಂದ ಹೆದೆಗೆ ಎಷ್ಟು ದೂರ ಇದೆ ನೋಡು ಅಂದ್ರು. ಅಳೆದೆ, ಏಳು ಇಂಚು ಚಿಲ್ಲರೆ.

"ಎಂಟರ ಹತ್ತಿರ ಬರ್ಬೇಕು. ಹೆದೆ ಇಳಿಸಿ ಇನ್ನೊಂದು ಹತ್ತು ಸುತ್ತು ತಿರುಚು, ಗಿಡ್ಡ ಆಗುತ್ತೆ."

ಇಳಿಸಿದೆ. ಅವರು ಒಂದು ಕುಣಿಕೆಯನ್ನ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡ್ಕೊಂಡ್ರು, ನಾನು ಇನ್ನೊಂದು ತುದಿಯಿಂದ ತಿರುಚುತ್ತಾ ಎಣಿಸಿದೆ.