ಮಗ್ಗಿ ಹೇಳುತ್ತ ತುಳಿಯುವ ವೇಗ

ಹತ್ತನೆಯ ತರಗತಿಯ ವಿಜ್ಞಾನದ 'ಜೀವಕ್ರಿಯೆಗಳು' ಅಧ್ಯಾಯದಲ್ಲಿ ಶ್ವಸನದ ಭಾಗ ಅಭ್ಯಾಸ ಬೋಧನೆಗಾಗಿ ನನ್ನ ಪಾಲಿಗೆ ಬಂದಿತ್ತು. ಆಮ್ಲಜನಕ ಸಾಲದಾದಾಗ ಸ್ನಾಯುಕೋಶಗಳಲ್ಲಿ ಪೈರುವೇಟ್ ಲ್ಯಾಕ್ಟಿಕ್ ಆಮ್ಲವಾಗುತ್ತದೆ ಎಂಬುದು ಅದರ ಮುಖ್ಯ ಅಂಶ. ನಾನು ಹೋದದ್ದು ವಿಜಯಪುರ ಜಿಲ್ಲೆಯ ಒಂದು ಹಳ್ಳಿಯ ಶಾಲೆಗೆ. ಅಲ್ಲಿ ಅರ್ಧ ತರಗತಿ ಸೈಕಲ್ ಮೇಲೆ ಬರುತ್ತದೆ. ಸೈಕ್ಲಿಂಗ್ ಆಯ್ಕೆಯ ಕನಸು ಕಾಣುವ ಹುಡುಗರೂ ಇದ್ದಾರೆ. ಹೀಗಾಗಿ ಉದಾಹರಣೆಗೆ ಸ್ಲೊವೇನಿಯಾದ ವೃತ್ತಿಪರ ಸವಾರ ತಾದೇಯ್ ಪೊಗಾಚರ್‌ನನ್ನು ಆರಿಸಿಕೊಂಡೆ.

1998ರಲ್ಲಿ ಹುಟ್ಟಿದ ಈತ 2020ರಲ್ಲಿ, 22 ವರ್ಷ ತುಂಬುವ ಹಿಂದಿನ ದಿನ, ಟೂರ್ ಡಿ ಫ್ರಾನ್ಸ್ ಗೆದ್ದ. 2024ರಲ್ಲಿ ಇಟಲಿಯ ಜಿರೊ, ಫ್ರಾನ್ಸ್‌ನ ಟೂರ್, ವಿಶ್ವ ಚಾಂಪಿಯನ್‌ಷಿಪ್ ಮೂರನ್ನೂ ಒಂದೇ ವರ್ಷದಲ್ಲಿ ಗೆದ್ದ. "ಇವನು ದಿನಾ ಹೇಗೆ ತುಳಿಯುತ್ತಿರಬಹುದು?" ಎಂದು ಕೇಳಿದೆ. "ಜೀವ ಹೋಗೋ ಹಂಗ್ರಿ ಸರ್" ಎಂದರು ಮಕ್ಕಳು. ನಿಜಕ್ಕೂ ಅವನ ಅಭ್ಯಾಸದ ಬಹುಪಾಲು ಗಂಟೆಗಟ್ಟಲೆಯ ಹದವಾದ ಸವಾರಿ. ಬಹುಕಾಲ ಅವನಿಗೆ ತರಬೇತಿ ನೀಡಿದ ಇನ್ಯಿಗೊ ಸಾನ್ ಮಿಲ್ಯಾನ್ ಇದನ್ನು ಎರಡನೆಯ ವಲಯ ಎನ್ನುತ್ತಾರೆ. ಈ ವೇಗದಲ್ಲಿ ಸ್ನಾಯುಗಳು ಕೊಬ್ಬನ್ನು ಚೆನ್ನಾಗಿ ಉರಿಸುತ್ತವೆ. ತಿಂಗಳುಗಟ್ಟಲೆ ಮಾಡಿದರೆ ಮೈಟೊಕಾಂಡ್ರಿಯಗಳ ಸಂಖ್ಯೆಯೂ ಸಾಮರ್ಥ್ಯವೂ ಹೆಚ್ಚುತ್ತವೆ. ಲ್ಯಾಕ್ಟೇಟ್ ಬರೀ ಕಸವಲ್ಲ, ಹೃದಯ ಮತ್ತು ನಿಧಾನಗತಿಯ ಸ್ನಾಯುತಂತುಗಳು ಅದನ್ನೇ ಇಂಧನವಾಗಿ ಬಳಸುತ್ತವೆ ಎಂಬ ಸಾಲನ್ನೂ ಕಪ್ಪುಹಲಗೆಯ ಮೇಲೆ ಬರೆದೆ.

ಆದರೆ ಪೊಗಾಚರ್ ತನ್ನ ಹದವಾದ ಸವಾರಿಯ ಮಟ್ಟ 320ರಿಂದ 340 ವಾಟ್ ಎಂದು ಹೇಳಿದ್ದಾನೆ. ಹವ್ಯಾಸಿಯೊಬ್ಬ ಅಷ್ಟು ಶಕ್ತಿಯನ್ನು ಕೆಲವು ನಿಮಿಷ ಹಿಡಿದಿಡುವುದೂ ಕಷ್ಟ. ಆದ್ದರಿಂದ ಅವನ ಅಂಕಿಗಳನ್ನು ನಕಲು ಮಾಡುವಂತಿಲ್ಲ. ಹವ್ಯಾಸಿಗಳಿಗೆ ಸಾನ್ ಮಿಲ್ಯಾನ್ ಹೇಳುವ ಗುರುತು ಸರಳ: ಮಾತಾಡಲು ಸಾಧ್ಯವಾಗಬೇಕು, ಆದರೆ ಕೇಳುವವರಿಗೆ ನೀವು ವ್ಯಾಯಾಮ ಮಾಡುತ್ತಿದ್ದೀರಿ ಎಂದು ತಿಳಿಯಬೇಕು. ಇದನ್ನೇ ಮೈದಾನದಲ್ಲಿ ಚಟುವಟಿಕೆ ಮಾಡಿದೆ. ಸೈಕಲ್ ತುಳಿಯುತ್ತ ಹದಿಮೂರರ ಮಗ್ಗಿ ಹೇಳಬೇಕು. ಒಂದೊಂದು ಸಾಲು ಒಂದೇ ಉಸಿರಿಗೆ ಮುಗಿದರೆ ವೇಗ ಸರಿ. ನಡುವೆ ಉಸಿರು ಕಡಿದರೆ ಹೆಚ್ಚಾಯಿತು. ಹಾಡಲು ಬಂದರೆ ತೀರಾ ಕಡಿಮೆ.

ಒಬ್ಬ ಹುಡುಗ ಮಾತ್ರ ಒಪ್ಪಲಿಲ್ಲ. "ಮೆಲ್ಲಗ ಹೊಡದ್ರ ಸೆಲೆಕ್ಷನ್ ಹೆಂಗ್ ಆಗತೈತ್ರಿ ಸರ್?" ಅವನ ಊರು ಶಾಲೆಯಿಂದ 11 ಕಿ.ಮೀ. ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಬಸ್ಸಿನ ಜೊತೆ ಪಂದ್ಯ ಹಚ್ಚಿ ಬರುತ್ತಿದ್ದ. ಎರಡನೆಯ ಅವಧಿಗೆ ಬೆಂಚಿನ ಮೇಲೆ ನಿದ್ದೆ. ಈ ಸಲ ಆಯ್ಕೆಯಾಗದಿದ್ದರೆ ಸೈಕಲ್ ಬಿಟ್ಟು ಅಪ್ಪನ ಜೊತೆ ಕೆಲಸಕ್ಕೆ ಹೋಗಬೇಕೆಂದು ಮನೆಯಲ್ಲಿ ಮಾತಾಗಿತ್ತು. ಎದುರಿಗೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬೇರೆ. ಅವನ ಪ್ರಶ್ನೆಗೆ ಪಾಠಯೋಜನೆಯಲ್ಲಿ ಉತ್ತರವಿರಲಿಲ್ಲ.

ಮರುದಿನ ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ಉನ್ನತ ಮಟ್ಟದ ಸಹನಶಕ್ತಿ ಕ್ರೀಡಾಪಟುಗಳ ಅಭ್ಯಾಸವನ್ನು ಗಮನಿಸಿದ ಸಂಶೋಧಕ ಸ್ಟೀಫನ್ ಸೈಲರ್, ಹತ್ತರಲ್ಲಿ ಸುಮಾರು ಎಂಟು ಅವಧಿಗಳು ಹಗುರ, ಎರಡು ಕಠಿಣ ಎಂದು ಕಂಡರು. ಹುಡುಗನಿಗೆ ವಾರಕ್ಕೆ 12 ಸವಾರಿ. ಮಂಗಳವಾರ, ಶುಕ್ರವಾರ ಸಂಜೆ ಮಾತ್ರ ಊರ ಹತ್ತಿರದ ಏರಿನಲ್ಲಿ ನಾಲ್ಕು ನಿಮಿಷದಂತೆ ನಾಲ್ಕು ಸಲ ಜೋರಾಗಿ, ನಡುವೆ ಅಷ್ಟೇ ಹೊತ್ತು ಸುಧಾರಿಸಿಕೊಂಡು. ಉಳಿದ ಹತ್ತು ಸವಾರಿ ಮಗ್ಗಿಯ ವೇಗದಲ್ಲಿ. ಇಲ್ಲವಾದರೆ ಎಲ್ಲ ದಿನವೂ ಅರೆಜೋರಾಗಿ, ಕಠಿಣ ದಿನಕ್ಕೆ ಕಾಲಲ್ಲಿ ಕಸುವೇ ಉಳಿಯುವುದಿಲ್ಲ.

ಊಟದ ಮಾತೂ ಬಂತು. ವೃತ್ತಿಪರರು ಈಗ ದೀರ್ಘ ಪಂದ್ಯಗಳಲ್ಲಿ ಗಂಟೆಗೆ 120 ಗ್ರಾಂವರೆಗೂ ಕಾರ್ಬೊಹೈಡ್ರೇಟ್ ಸೇವಿಸುತ್ತಾರೆ. ಇವನು ಬರೀ ಚಹಾ ಕುಡಿದು ಹೊರಡುತ್ತಿದ್ದ. ಇಷ್ಟು ದೂರಕ್ಕೆ ದಾರಿಯಲ್ಲಿ ನೀರು ಸಾಕು, ಆದರೆ ಹೊರಡುವ ಮೊದಲು ಒಂದು ರೊಟ್ಟಿ, ಬಾಳೆಹಣ್ಣು ಬೇಕೆಂದೆ. ರಾತ್ರಿಯ ನಿದ್ದೆಯೂ ಅಭ್ಯಾಸದ ಭಾಗವೇ ಎಂದು ಸೇರಿಸಿದೆ.

ಅವನು ನೋಟುಪುಸ್ತಕದ ಹಿಂದಿನ ಹಾಳೆಯಲ್ಲಿ 'ಮೆಲ್ಲಗ', 'ಜೋರ' ಎಂದು ಎರಡು ಕಾಲಂ ಎಳೆದ. ನಮ್ಮ ಬೋಧನಾವಧಿ ಮುಗಿಯುವಾಗ ಮೂರು ವಾರದ ಗುರುತುಗಳು ತುಂಬಿದ್ದವು. ಎರಡನೆಯ ಅವಧಿಯಲ್ಲಿ ಎಚ್ಚರವಾಗಿರುತ್ತಿದ್ದ. ಆಯ್ಕೆ ಇನ್ನೂ ನಡೆಯಬೇಕಿದೆ.

ಮುಂದೆ ಈ ಘಟಕ ಬೋಧಿಸುವ ಪ್ರಶಿಕ್ಷಣಾರ್ಥಿಗಳು ಮಗ್ಗಿಯ ಚಟುವಟಿಕೆಯನ್ನು ಮಾಡಿನೋಡಬಹುದು. ಇಪ್ಪತ್ತು ನಿಮಿಷ, ನಾಲ್ಕೈದು ಸೈಕಲ್ ಇದ್ದರೆ ಸಾಕು. ಆಮೇಲೆ ತರಗತಿಯಲ್ಲಿ ದಿನಾ ಯಾರು ಎಷ್ಟು ದೂರ ತುಳಿದು ಬರುತ್ತಾರೆ, ಏನು ತಿಂದು ಬರುತ್ತಾರೆ ಎಂದು ಕೇಳಿ. ಶ್ವಸನದ ಪಾಠ ಅಲ್ಲಿಂದ ತಾನಾಗಿ ಮುಂದುವರಿಯುತ್ತದೆ.