ಅನರ್ಘ್ಯವಾದ ವಾರ್ತೆ

ಮತ್ತಾಯನ ಸುವಾರ್ತೆಯ ೧೩ನೆಯ ಅಧ್ಯಾಯದಲ್ಲಿ ಒಂದರ ಮಗ್ಗುಲಲ್ಲೊಂದು ಎರಡು ಪುಟ್ಟ ದೃಷ್ಟಾಂತಗಳಿವೆ. ಮೊದಲನೆಯದರಲ್ಲಿ ಒಬ್ಬನು ಹೊಲದಲ್ಲಿ ಹೂತಿದ್ದ ನಿಧಿಯನ್ನು ಅಕಸ್ಮಾತ್ತಾಗಿ ಕಂಡು, ಅದನ್ನು ಮರಳಿ ಮುಚ್ಚಿಟ್ಟು, ಸಂತೋಷದಿಂದ ಹೋಗಿ ತನ್ನ ಸರ್ವಸ್ವವನ್ನೂ ಮಾರಿ ಆ ಹೊಲವನ್ನು ಕೊಳ್ಳುತ್ತಾನೆ. ಎರಡನೆಯದರಲ್ಲಿ ಉತ್ತಮವಾದ ಮುತ್ತುಗಳನ್ನು ಅರಸುತ್ತಿದ್ದ ವರ್ತಕನೊಬ್ಬನು ಬಹುಮೂಲ್ಯವಾದ ಒಂದು ಮುತ್ತನ್ನು ಕಂಡು ಹಾಗೆಯೇ ಮಾಡುತ್ತಾನೆ. ಒಬ್ಬನು ಹುಡುಕದೆ ಪಡೆದವನು, ಮತ್ತೊಬ್ಬನು ಹುಡುಕಿ ಪಡೆದವನು. ಇಬ್ಬರೂ ಬರಿಗೈಯವರಾದರೆಂಬ ಅಂಶದಲ್ಲಿ ಮಾತ್ರ ಭೇದವಿಲ್ಲ. ಮುತ್ತನ್ನು ಕೊಂಡ ಮರುದಿನ ಆ ವರ್ತಕನು ಊಟಕ್ಕೇನು ಮಾಡಿದನೆಂದು ತಾರ್ಕಿಕರು ಕೇಳಬಹುದು. ಕಥೆಯನ್ನು ಹೇಳಿದಾತನು ಅದನ್ನು ಹೇಳುವ ಗೋಜಿಗೆ ಹೋಗಿಲ್ಲ.

ಸಂಸ್ಕೃತದಲ್ಲಿ ‘ಅರ್ಘ’ವೆಂದರೆ ಬೆಲೆ, ‘ಅನರ್ಘ್ಯ’ವೆಂದರೆ ಬೆಲೆ ಕಟ್ಟಲಾಗದ್ದು. ಕೋಶವು ಇಷ್ಟನ್ನು ಹೇಳಿ ಸುಮ್ಮನಾಗುತ್ತದೆ. ಆದರೆ ದೃಷ್ಟಾಂತದ ಮುತ್ತಿಗೆ ಬೆಲೆಯಿಲ್ಲದೆ ಇರಲಿಲ್ಲ. ಆ ವರ್ತಕನಲ್ಲಿದ್ದುದೆಲ್ಲವೂ ಅದರ ಬೆಲೆ. ಅವನ ಸ್ಥಾನದಲ್ಲಿ ಒಬ್ಬ ಬಡವನು ಬಂದಿದ್ದರೆ ಅವನಲ್ಲಿದ್ದ ನಾಲ್ಕು ಕಾಸೇ ಬೆಲೆಯಾಗುತ್ತಿತ್ತು. ಕೊಳ್ಳುವವನಿಗೆ ತಕ್ಕಂತೆ ಬದಲಾಗುವ ಬೆಲೆಯನ್ನು ಯಾವ ಪೇಟೆಯ ಪಟ್ಟಿಯಲ್ಲಿ ತಾನೆ ಬರೆದಿಡುವುದು?

ಕ್ರೈಸ್ತರ ಧರ್ಮಗ್ರಂಥದ ಈ ಭಾಗಕ್ಕೆ ‘ಸುವಾರ್ತೆ’ಯೆಂಬ ಹೆಸರನ್ನು ಕನ್ನಡಕ್ಕೆ ತಂದವರು ಒಳ್ಳೆಯ ಕೆಲಸವನ್ನೇ ಮಾಡಿದ್ದಾರೆ. ಮೂಲದ ಗ್ರೀಕ್ ಪದವಾದ ‘ಎವಾಂಗೆಲಿಯೋನ್’ ಎಂಬುದಕ್ಕೂ ಶುಭಸಮಾಚಾರವೆಂದೇ ಅರ್ಥ. ಅದು ಶಾಸ್ತ್ರವೆಂದಾಗಲಿ ಸ್ಮೃತಿಯೆಂದಾಗಲಿ ಕರೆಯಿಸಿಕೊಳ್ಳದೆ ಕೇವಲ ವಾರ್ತೆಯೆನಿಸಿಕೊಂಡಿರುವುದರಲ್ಲಿ ಬಹಳ ಸ್ವಾರಸ್ಯವಿದೆ. ಶಾಸ್ತ್ರವು ಅಧಿಕಾರಿಯಾದವನಿಗೆಲ್ಲ ಸಮಾನ. ವಾರ್ತೆಯಾದರೋ ಅದನ್ನು ಎದುರುನೋಡುತ್ತಿರುವವನಿಗೇ ಸೇರಿದ್ದು. ಹಳ್ಳಿಯ ಉಪಾಧ್ಯಾಯರಿಗೆ ಇದು ಚೆನ್ನಾಗಿ ಗೊತ್ತು. ಅಕ್ಷರ ಬಾರದ ಮುದುಕಿಯೊಬ್ಬಳು ದೂರದೇಶದಲ್ಲಿರುವ ಮಗನ ಕಾಗದವನ್ನು ತಂದು ಓದಿಸುತ್ತಾಳೆ. ಕ್ಷೇಮವಾಗಿದ್ದೇನೆ, ಬರುತ್ತೇನೆ ಎಂಬ ಎರಡು ಮಾತು ಬಿಟ್ಟರೆ ಅದರಲ್ಲಿ ಏನೂ ಇರುವುದಿಲ್ಲ. ಟಪಾಲಿನವನಿಗೆ ಅದು ಬರಿಯ ಹೊರೆ, ಓದಿ ಹೇಳಿದವನಿಗೆ ಗಳಿಗೆಯ ಕೆಲಸ. ಮುದುಕಿಯಾದರೋ ಮನೆಗೆ ಹೋದವಳು ಸಂಜೆ ಮತ್ತೆ ಬಂದು ಇನ್ನೊಮ್ಮೆ ಓದಿಸುತ್ತಾಳೆ. ಮೂರನೆಯ ದಿನವೂ ಬರುತ್ತಾಳೆ. ವಿಷಯವು ಮರೆತುಹೋಯಿತೆಂದಲ್ಲ.

ಈ ವಾರ್ತೆಯ ಸಾರವನ್ನು ನಂಬಿದವರು ಹೇಳುವ ಬಗೆ ಇದು: ದೇವರು ಮನುಷ್ಯನನ್ನು ಪ್ರೀತಿಸಿ ಮನುಷ್ಯನಾಗಿಯೇ ಬಂದನು, ಶಿಲುಬೆಯ ಮೇಲೆ ಮಡಿದನು, ಮೂರನೆಯ ದಿನ ಎದ್ದನು, ಅದರಿಂದ ಪಾಪಿಗೆ ಕ್ಷಮೆ ದೊರೆಯಿತು, ಅದೂ ಗಳಿಸಿದ ಪುಣ್ಯದ ಫಲವಾಗಿಯಲ್ಲ, ದಾನವಾಗಿ. ಹಾಗಿದ್ದರೆ ದಾನವಾಗಿ ದೊರೆತುದಕ್ಕಾಗಿ ಸರ್ವಸ್ವವನ್ನೇಕೆ ಮಾರಬೇಕು? ಹೊರಗಿನಿಂದ ನೋಡುವವರಿಗೆ ಇದೊಂದು ವಿರೋಧಾಭಾಸವಾಗಿಯೇ ತೋರುತ್ತದೆ. ಉತ್ತರವು ಮೇಲಣ ದೃಷ್ಟಾಂತದಲ್ಲಿರುವ ‘ಸಂತೋಷದಿಂದ’ ಎಂಬ ಒಂದು ಮಾತಿನಲ್ಲಿ ಅಡಗಿದೆ. ಮಾರೆಂದು ಅವನಿಗೆ ಯಾರೂ ಹೇಳಲಿಲ್ಲ.

ವೇಲ್ಸ್ ದೇಶದಲ್ಲಿ ಕೇಡರ್ ಇಡ್ರಿಸ್ ಎಂಬ ಪರ್ವತದ ತಪ್ಪಲಿನ ಒಂದು ಸಣ್ಣ ಗ್ರಾಮದಲ್ಲಿ ೧೭೮೪ನೆಯ ಇಸವಿ ಡಿಸೆಂಬರ್ ತಿಂಗಳಲ್ಲಿ ನೇಕಾರನೊಬ್ಬನಿಗೆ ಮೇರಿ ಜೋನ್ಸ್ ಎಂಬ ಮಗಳು ಹುಟ್ಟಿದಳು. ತಂದೆ ಬೇಗನೆ ತೀರಿಕೊಂಡನು. ತಾಯಿಮಕ್ಕಳದು ಕಡುಬಡತನದ ಸಂಸಾರ. ಬಾಲಾ ಎಂಬ ಊರಿನಲ್ಲಿದ್ದ ಥಾಮಸ್ ಚಾರ್ಲ್ಸ್ ಎಂಬ ಧರ್ಮೋಪದೇಶಕನು ಆ ಗುಡ್ಡಗಾಡಿನಲ್ಲಿ ಊರಿಂದೂರಿಗೆ ಸಂಚರಿಸುವ ಶಾಲೆಗಳನ್ನು ಏರ್ಪಡಿಸಿ, ಬಡಮಕ್ಕಳಿಗೆ ಅವರ ದೇಶಭಾಷೆಯಲ್ಲಿಯೇ ಓದು ಕಲಿಸುತ್ತಿದ್ದನು. ಮೇರಿಯು ಓದು ಕಲಿತದ್ದು ಅಂತಹ ಶಾಲೆಯಲ್ಲಿ. ಆದರೆ ಓದಲು ಮನೆಯಲ್ಲಿ ಪುಸ್ತಕವೆಲ್ಲಿ? ಎರಡು ಮೈಲಿ ದೂರದ ಒಬ್ಬ ರೈತನ ಮನೆಯಲ್ಲಿ ಒಂದು ಬೈಬಲ್ಲಿದ್ದಿತು. ಅವಳು ಅಲ್ಲಿಗೆ ನಡೆದುಹೋಗಿ ಓದಿ ಬರುತ್ತಿದ್ದಳು. ತನ್ನದೇ ಆದ ಒಂದು ಪ್ರತಿಗಾಗಿ ಆರು ವರ್ಷ ಕಾಸಿಗೆ ಕಾಸು ಸೇರಿಸಿದಳೆಂದು ಹೇಳುತ್ತಾರೆ. ಆರು ವರ್ಷವೆಂದರೆ ಆಕೆಯ ಅಂದಿನ ಆಯುಷ್ಯದ ಮೂರರಲ್ಲೊಂದು ಭಾಗಕ್ಕೂ ಹೆಚ್ಚು.

೧೮೦೦ನೆಯ ಇಸವಿಯಲ್ಲಿ, ಇನ್ನೂ ಹದಿನಾರು ತುಂಬದ ಆ ಹುಡುಗಿ ಬೆಟ್ಟದ ದಾರಿಯಲ್ಲಿ ಸುಮಾರು ೨೫ ಮೈಲಿ ನಡೆದು ಬಾಲಾ ಊರನ್ನು ಸೇರಿದಳು, ಬರಿಗಾಲಿನಲ್ಲಿ. ಮುಂದಣ ಕಥೆಗೆ ಪಾಠಾಂತರಗಳಿವೆ. ಪ್ರತಿಗಳೆಲ್ಲ ಮುಗಿದುಹೋಗಿ, ಉಳಿದವು ಬೇರೆಯವರಿಗೆಂದು ಗೊತ್ತಾಗಿದ್ದುದರಿಂದ ಚಾರ್ಲ್ಸನು ಇಲ್ಲವೆಂದನೆಂದೂ, ಹುಡುಗಿಯು ಅತ್ತುದನ್ನು ನೋಡಲಾರದೆ ಮತ್ತೊಬ್ಬರಿಗೆ ಇರಿಸಿದ್ದ ಪ್ರತಿಯನ್ನು ಕೊಟ್ಟನೆಂದೂ ಒಂದು ಪಾಠ. ಹೊಸ ಪ್ರತಿಗಳು ಬರುವವರೆಗೆ ಅವಳು ಆ ಊರಿನಲ್ಲಿಯೇ ಕಾದಿದ್ದಳೆಂದು ಇನ್ನೊಂದು. ಹೇಳುವವರು ಭಾವುಕರಾದಾಗ ಕಣ್ಣೀರು ತುಸು ಹೆಚ್ಚಾಗುವುದು ಎಲ್ಲ ದೇಶಗಳಲ್ಲಿಯೂ ಉಂಟು. ಅದಂತಿರಲಿ. ಅವಳು ನಡೆದುದು ನಿಜ, ಪುಸ್ತಕವನ್ನು ಪಡೆದುದು ನಿಜ.

ವೇಲ್ಸ್ ಭಾಷೆಯಲ್ಲಿ ಸಮಗ್ರ ಬೈಬಲ್ಲು ೧೫೮೮ರಲ್ಲಿಯೇ ಅಚ್ಚಾಗಿದ್ದಿತು. ಇನ್ನೂರು ವರ್ಷ ಕಳೆದರೂ ಬಡವರ ಕೈಗೆ ಅದು ಸುಲಭವಾಗಿರಲಿಲ್ಲ. ೧೮೦೨ರ ಡಿಸೆಂಬರಿನಲ್ಲಿ ಚಾರ್ಲ್ಸನು ಈ ಕೊರತೆಯನ್ನು ಲಂಡನ್ನಿನ ಒಂದು ಸಭೆಯಲ್ಲಿ ಮಂಡಿಸಿದಾಗ, ವೇಲ್ಸಿಗೆ ಮಾತ್ರವೇಕೆ, ಲೋಕಕ್ಕೆಲ್ಲ ಏಕಾಗಬಾರದೆಂಬ ಮಾತು ಹುಟ್ಟಿತು. ೧೮೦೪ರ ಮಾರ್ಚ್ ೭ರಂದು ಬ್ರಿಟಿಷ್ ಅಂಡ್ ಫಾರಿನ್ ಬೈಬಲ್ ಸೊಸೈಟಿಯು ಸ್ಥಾಪಿತವಾಯಿತು. ಮೇರಿಯ ಕಥೆಯೊಂದೇ ಇದಕ್ಕೆ ಕಾರಣವೆನ್ನುವುದು ಅತಿಶಯೋಕ್ತಿ. ಆದರೆ ಅಂತಹ ಹುಡುಗಿಯರು ಇದ್ದಾರೆಂಬುದನ್ನು ಚಾರ್ಲ್ಸನು ಕಣ್ಣಾರೆ ಕಂಡಿದ್ದನು.

ಅದೇ ಕಾಲದ ಉತ್ಸಾಹವು ನಮ್ಮ ನಾಡಿಗೂ ಹರಿಯಿತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ೧೮೧೦ರಲ್ಲಿ ಬಳ್ಳಾರಿಗೆ ಬಂದು, ಕನ್ನಡವನ್ನು ಕಲಿತು, ಭಾಷಾಂತರಕ್ಕೆ ಕೈಹಾಕಿದನು. ಸಮಗ್ರ ಬೈಬಲ್ಲು ಕನ್ನಡದಲ್ಲಿ ಹೊರಬಂದದ್ದು ೧೮೩೧ರಲ್ಲಿ. ಬಳ್ಳಾರಿಯ ಬಿಸಿಲಿನಲ್ಲಿ ಇಪ್ಪತ್ತು ವರ್ಷ! ಆ ಕನ್ನಡದ ಶೈಲಿಯನ್ನು ಕುರಿತು ಪಂಡಿತರು ಹೇಳಬೇಕಾದುದು ಬಹಳವಿರಬಹುದು. ಆದರೆ ಬೇಸರದಿಂದ ಕೆಲಸಮಾಡುವವನು ಇಷ್ಟು ಕಾಲ ಮಾಡನು.

ಮುತ್ತನ್ನು ಕೊಂಡ ಕಥೆಗೆ ಕನ್ನಡ ನಾಡಿನಲ್ಲಿ ಮತ್ತೊಂದು ಮುಖವುಂಟು. ಅದನ್ನು ಬಿಟ್ಟು ಈ ವಿಷಯವನ್ನು ಮುಗಿಸುವುದು ನ್ಯಾಯವಾಗದು. ಬಾಸೆಲ್ ಮಿಷನ್ನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದರು. ಮುಂದೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹೆರ್ಮನ್ ಮೊಗ್ಲಿಂಗನು ಅಲ್ಲಿಗೆ ಬಂದದ್ದು ೧೮೩೬ರಲ್ಲಿ. ೧೮೪೪ರ ಆರಂಭದಲ್ಲಿ ಆ ಪಟ್ಟಣದ ಸಾರಸ್ವತ ಬ್ರಾಹ್ಮಣ ತರುಣನಾದ ಆನಂದರಾವ್ ಕೌಂಡಿನ್ಯನು ಕ್ರೈಸ್ತಮತವನ್ನು ಸ್ವೀಕರಿಸಿ, ಗುರುವಿನ ಹೆಸರನ್ನೇ ತಳೆದು ಹೆರ್ಮನ್ ಆನಂದರಾವ್ ಕೌಂಡಿನ್ಯನಾದನು. ಊರಿನಲ್ಲಿ ದೊಡ್ಡ ಕೋಲಾಹಲವಾಯಿತು. ಎರಡು ವರ್ಷಗಳ ತರುವಾಯ ಅವನು ಮೊಗ್ಲಿಂಗನೊಡನೆ ಯೂರೋಪಿಗೆ ಹೋಗಿ ಬಾಸೆಲ್ಲಿನಲ್ಲಿ ದೇವಶಾಸ್ತ್ರವನ್ನು ಓದಿ, ೧೮೫೧ರಲ್ಲಿ ದೀಕ್ಷೆ ಪಡೆದು, ಹಿಂದಿರುಗಿ, ೧೮೯೩ರಲ್ಲಿ ತೀರಿಕೊಳ್ಳುವವರೆಗೆ ಆ ಮಿಷನ್ನಿನ ಸೇವೆಯಲ್ಲಿಯೇ ಇದ್ದನು. ಕೊಡಗಿನ ಆನಂದಪುರದ ಕ್ರೈಸ್ತ ವಸತಿಯೊಡನೆ ಅವನ ಹೆಸರು ಇಂದಿಗೂ ಸೇರಿಕೊಂಡಿದೆ.

ಅವನು ಬಿಟ್ಟುದು ಜಾತಿ, ಬಂಧುವರ್ಗ, ಹುಟ್ಟಿದ ಮನೆಯ ಪಂಕ್ತಿ. ಇವೆಲ್ಲ ಅವನದಾಗಿದ್ದುವು, ಬಿಡುವ ಅಧಿಕಾರವೂ ಅವನದೇ. ಆದರೆ ಕೈಹಿಡಿದವಳು ಅವನನ್ನು ಹಿಂಬಾಲಿಸಲಿಲ್ಲ. ಅವನು ಮುಂದೆ ಜರ್ಮನ್ ಸ್ತ್ರೀಯೊಬ್ಬಳನ್ನು ಮದುವೆಯಾದನು. ಗಂಡ ಬದುಕಿರುವಾಗಲೇ ಗಂಡನಿಲ್ಲದವಳಾದ ಆ ಹೆಣ್ಣುಮಗಳಿಗೆ ಆ ಕಾಲದ ಸಮಾಜದಲ್ಲಿ ಯಾವ ಸ್ಥಾನವಿದ್ದೀತೆಂಬುದನ್ನು ವಾಚಕರು ಊಹಿಸಿಕೊಳ್ಳಬಲ್ಲರು. ಮುತ್ತು ಅವಳದಾಗಲಿಲ್ಲ, ಮಾರಿದ ಸೊತ್ತಿನಲ್ಲಿ ಅವಳ ಪಾಲೂ ಇದ್ದಿತು. ಸುವಾರ್ತೆಯು ಇದನ್ನು ಮರೆಮಾಚುವುದಿಲ್ಲವೆಂಬುದನ್ನು ಒಪ್ಪಬೇಕು. ತಂದೆತಾಯಿಗಳನ್ನು ತನಗಿಂತ ಹೆಚ್ಚಾಗಿ ಪ್ರೀತಿಸುವವನು ತನ್ನವನಲ್ಲವೆಂದು ಮತ್ತಾಯನ ೧೦ನೆಯ ಅಧ್ಯಾಯದಲ್ಲಿ ಯೇಸು ನೇರವಾಗಿಯೇ ಹೇಳುತ್ತಾನೆ. ಕೌಂಡಿನ್ಯನು ಅದನ್ನು ಓದಿಯೇ ಹೊರಟವನು. ಲಾಭಕ್ಕಾಗಿ ಹೋದನೆಂದು ಹೇಳುವವರು ಅಂದೂ ಇದ್ದಿರಬೇಕು. ತಾನು ಹುಟ್ಟಿದ ಊರಿನ ಬೀದಿಯಲ್ಲಿಯೇ ಪರಕೀಯನಾಗಿ ನಡೆಯುವುದರಲ್ಲಿ ಎಂತಹ ಲಾಭವಿದ್ದೀತು? ಸುಮಾರು ಐವತ್ತು ವರ್ಷ ಹಿಂದಿರುಗಿ ನೋಡದವನ ಬಾಳನ್ನು ಅಷ್ಟು ಅಗ್ಗವಾಗಿ ವಿವರಿಸಲು ಬಾರದು. ಹಾಗೆಯೇ ಅವನ ಮನೆಯವರ ದುಃಖವನ್ನು ಅಜ್ಞಾನವೆಂದು ತಳ್ಳಿಹಾಕುವುದಕ್ಕೂ ಬಾರದು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬಲ್ಲವರು ಯಾರೂ ಇಲ್ಲ.

ಮಂಗಳೂರಿನಲ್ಲಿ ಇದು ನಡೆದಾಗ ಮೇರಿ ಜೋನ್ಸ್ ಇನ್ನೂ ಬದುಕಿದ್ದಳು. ಅವಳೂ ನೇಕಾರನೊಬ್ಬನನ್ನು ಮದುವೆಯಾಗಿ ಬ್ರಿನ್‌ಕ್ರುಗ್ ಎಂಬ ಹಳ್ಳಿಯಲ್ಲಿ ನೆಲಸಿದ್ದಳು. ಹೆತ್ತ ಮಕ್ಕಳಲ್ಲಿ ಹೆಚ್ಚಿನವರು ಕಣ್ಣೆದುರಿನಲ್ಲಿಯೇ ಹೋದರು. ಬಡತನವು ಕೊನೆಯವರೆಗೂ ಬಿಡಲಿಲ್ಲ. ಮುಪ್ಪಿನಲ್ಲಿ ದೃಷ್ಟಿಯೂ ಹೋಯಿತು. ಜೇನುಗೂಡುಗಳನ್ನು ಸಾಕಿಕೊಂಡಿದ್ದು, ಅವುಗಳಿಂದ ಬಂದುದರಲ್ಲಿ ಒಂದು ಪಾಲನ್ನು ಬೈಬಲ್ ಸೊಸೈಟಿಗೆ ಕೊಡುತ್ತಿದ್ದಳಂತೆ. ಓದಲು ಕಣ್ಣಿಲ್ಲದ ಮೇಲೂ ಆ ಪುಸ್ತಕವನ್ನು ಬಳಿಯಲ್ಲಿಯೇ ಇಟ್ಟುಕೊಂಡಿದ್ದಳು. ೧೮೬೪ರ ಡಿಸೆಂಬರಿನಲ್ಲಿ ಅವಳು ತೀರಿಕೊಂಡಳು.

ಆ ಪ್ರತಿಯು ಈಗ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಪುಸ್ತಕಭಂಡಾರದಲ್ಲಿ, ಬೈಬಲ್ ಸೊಸೈಟಿಯ ಸಂಗ್ರಹದಲ್ಲಿದೆ. ಅದರಲ್ಲಿ ಮೇರಿಯು ತನಗೆ ಅಷ್ಟಾಗಿ ಬಾರದ ಇಂಗ್ಲಿಷಿನಲ್ಲಿ, ತನ್ನ ಕೈಯಿಂದಲೇ ಕೆಲವು ಪಂಕ್ತಿಗಳನ್ನು ಬರೆದಿಟ್ಟಿದ್ದಾಳೆ: ತಾನು ಹುಟ್ಟಿದ ದಿನ, ತಂದೆತಾಯಿಗಳ ಹೆಸರು, ಹದಿನಾರನೆಯ ವರ್ಷದಲ್ಲಿ ಇದನ್ನು ಕೊಂಡೆನೆಂಬ ಮಾತು, ಒಂದು ಚಿಕ್ಕ ಪ್ರಾರ್ಥನೆ. ಎಷ್ಟಕ್ಕೆ ಕೊಂಡಳೆಂಬುದನ್ನು ಅಲ್ಲಿ ಬರೆದಿಲ್ಲ.